ಚಾಸುಬಲ್ ಅಂದರೆ ‘ಪುಟ್ಟ ಮನೆ’ ಅಂತಾರಲ್ಲ, ನಿಜಾನಾ?

ಪ್ರಶ್ನೆಗಾರ

ಕ್ಯಾಥೊಲಿಕ್ ಚರ್ಚಿನಲ್ಲಿ ಬಲಿಪೂಜೆ, ಅಂದರೆ ಮಾಸ್, ಮಾಡುವಾಗ ಗುರುಗಳು, ಅಂದರೆ ಪಾದ್ರಿಗಳು, ಎಲ್ಲದರ ಮೇಲೆ ಹಾಕಿಕೊಳ್ಳುವ ಒಂದು ಉಡುಪು ಇದೆಯಲ್ಲ, ತೋಳಿಲ್ಲದ್ದು, ತಲೆಯಿಂದ ತೂರಿಸಿಕೊಂಡು ಹಾಕುವುದು, ಹಬ್ಬಕ್ಕೆ ತಕ್ಕಂತೆ ಬಣ್ಣ ಬದಲಾಗುವುದು. ಇಂಗ್ಲಿಷ್‌ನಲ್ಲಿ ಅದು ಚಾಸುಬಲ್. ಕನ್ನಡದಲ್ಲಿ ನಾವು ಸುಮ್ನೆ ಪೂಜಾವಸ್ತ್ರ ಅಂದು ಮುಗಿಸಿಬಿಡುತ್ತೇವೆ. ಒಂದು ಕಡೆ ಓದಿದೆ, ಚಾಸುಬಲ್ ಅಂದರೆ ‘ಪುಟ್ಟ ಮನೆ’, ಗುರು ದೇವರ ಮನೆಯೊಳಗೆ ಇರುತ್ತಾನೆ ಅನ್ನುವುದನ್ನು ತೋರಿಸಲು ಆ ಹೆಸರು ಇಟ್ಟರು ಅಂತ. ಕೇಳೋಕೆ ಚೆನ್ನಾಗಿದೆ. ಆದರೆ ಇಷ್ಟು ಚೆಂದದ ವಿವರಣೆ ಸಿಕ್ಕಾಗಲೆಲ್ಲ ನನಗೆ ಅನುಮಾನ ಶುರುವಾಗುತ್ತದೆ. ಗೊತ್ತಿರುವವರು ಹೇಳಿ.

ಹಳೇಪುಟ

ಅನುಮಾನ ಪಟ್ಟಿದ್ದು ಒಳ್ಳೆಯದಾಯಿತು. ಅರ್ಧ ನಿಜ, ಅರ್ಧ ಆಮೇಲೆ ಅಂಟಿಸಿದ್ದು.

ಲ್ಯಾಟಿನ್‌ನಲ್ಲಿ ‘ಕಾಸಾ’ ಅಂದರೆ ಗುಡಿಸಲು. ಸ್ಥಿತಿವಂತರ ಮನೆಗೆ ‘ದೋಮುಸ್’ ಅನ್ನುವ ಬೇರೆ ಪದವೇ ಇತ್ತು. ಕಾಸಾದ ಪುಟ್ಟ ರೂಪ ‘ಕಾಸುಲಾ’. ಅಂದರೆ ‘ಪುಟ್ಟ ಮನೆ’ ಅನ್ನುವುದೂ ಸ್ವಲ್ಪ ಮರ್ಯಾದೆ ಕೊಟ್ಟ ಅನುವಾದವೇ, ‘ಚಿಕ್ಕ ಗುಡಿಸಲು’ ಅಂದರೆ ಸರಿ. ಸ್ಪೇನಿನ ಸೆವಿಲ್‌ನ ಬಿಷಪ್ ಇಸಿಡೋರ್, 636ರಲ್ಲಿ ತೀರಿಕೊಂಡವರು, ತಮ್ಮ ದೊಡ್ಡ ಪದಮೂಲ ಗ್ರಂಥದ 19ನೇ ಪುಸ್ತಕದಲ್ಲಿ ಬರೆದಿದ್ದಾರೆ: ಕಾಸುಲಾ ಅನ್ನುವುದು ತಲೆಗವಸು ಇರುವ ಉಡುಪು, ಮನುಷ್ಯನನ್ನು ಪೂರ್ತಿ ಮುಚ್ಚುವುದರಿಂದ ಚಿಕ್ಕ ಗುಡಿಸಲಿನ ಹಾಗೆ, ಅದಕ್ಕೇ ಆ ಹೆಸರು.

ಇಲ್ಲಿ ಗಮನಿಸಿ. ದೇವರ ಮನೆಯ ಮಾತು ಇಲ್ಲ. ಗುರುವಿನ ಮಾತೂ ಇಲ್ಲ. ಇಸಿಡೋರ್ ಅದನ್ನು ಇಟ್ಟಿರುವುದು ಜನ ಹಾಕುವ ಮೇಲುಹೊದಿಕೆಗಳ ಜೊತೆ. ಕಾಸುಲಾ ಹುಟ್ಟಿದ್ದು ಬೀದಿಯಲ್ಲಿ, ಚರ್ಚಿನಲ್ಲಲ್ಲ. ಮಳೆಗೆ, ಚಳಿಗೆ ಬಡವರು ಮೈತುಂಬ ಹೊದ್ದುಕೊಳ್ಳುತ್ತಿದ್ದ ಬಟ್ಟೆಗೆ ಯಾರೋ ತಮಾಷೆಗೆ ಗುಡಿಸಲು ಅಂದಿರಬೇಕು, ಅದೇ ನಿಂತುಬಿಟ್ಟಿತು ಅನ್ನುವುದು ನನ್ನ ಅಭಿಪ್ರಾಯ.

ಅಕ್ಷರಮಳೆ

ಇಸಿಡೋರ್ ಮಾತನ್ನು ಅಷ್ಟು ಬೇಗ ನಂಬಬೇಡಿ ಸರ್. ಈ ಪುಣ್ಯಾತ್ಮರು ಲ್ಯಾಟಿನ್‌ನ ‘ನೋಕ್ಸ್’, ಅಂದರೆ ರಾತ್ರಿ, ಅನ್ನುವ ಪದ ‘ನೊಕೆರೆ’, ಅಂದರೆ ಕೆಡುಕು ಮಾಡು, ಅನ್ನುವುದರಿಂದ ಬಂತು ಅಂದವರು. ರಾತ್ರಿ ಕಣ್ಣಿಗೆ ಕೆಡುಕು ಮಾಡುತ್ತದಂತೆ. ಸದ್ದು ಹೊಂದಿದರೆ ಸಾಕು, ಅವರಿಗೆ ಸಂಬಂಧ ಸಿಕ್ಕಿಬಿಡುತ್ತದೆ. ಬಡವರ ಬಟ್ಟೆ ಅನ್ನೋದಕ್ಕೆ ಬೇರೆ ಆಧಾರ ಇದೆಯಾ? ಇಲ್ಲದಿದ್ದರೆ ನಿಮ್ಮ ತಮಾಷೆಯ ಕಥೆಯೂ ದೇವರ ಮನೆಯ ಕಥೆಯಷ್ಟೇ.

ಹಳೇಪುಟ

ಇದೆ. ಎರಡು ಹೇಳುತ್ತೇನೆ, ಎರಡರಲ್ಲೂ ಪೂಜೆಯ ವಾಸನೆ ಇಲ್ಲ.

ಮೊದಲನೆಯದು ಬಿಷಪ್ ಅಗಸ್ಟೀನ್. ಅವರ ‘ದೇವನಗರ’ ಗ್ರಂಥದ ಕೊನೆಯ ಭಾಗ, 22ನೇ ಪುಸ್ತಕ. ಉತ್ತರ ಆಫ್ರಿಕಾದ ಹಿಪ್ಪೊ ಊರಿನಲ್ಲಿ ಫ್ಲೊರೆಂಟಿಯಸ್ ಅಂತ ಒಬ್ಬ ಮುದುಕ. ಬಡವ, ದೈವಭಕ್ತ, ಬಟ್ಟೆ ಹೊಲಿದು ಹೊಟ್ಟೆ ಹೊರೆಯುವವನು. ಅವನ ಕಾಸುಲಾ ಕಳೆದುಹೋಗುತ್ತದೆ. ಇನ್ನೊಂದು ಕೊಳ್ಳಲು ಕೈಯಲ್ಲಿ ಕಾಸಿಲ್ಲ. ಇಪ್ಪತ್ತು ಹುತಾತ್ಮರ ಸಮಾಧಿಗೆ ಹೋಗಿ, ಬಟ್ಟೆ ಕೊಡಿಸಿ ಅಂತ ಜೋರಾಗಿ ಬೇಡುತ್ತಾನೆ. ಅಲ್ಲಿದ್ದ ಪಡ್ಡೆ ಹುಡುಗರು ಅವನನ್ನು ಆಡಿಕೊಂಡು ಹಿಂದೆ ಬೀಳುತ್ತಾರೆ. ಮುದುಕ ಮಾತಾಡದೆ ನಡೆದು ಹೋಗುವಾಗ ಕಡಲ ದಂಡೆಯಲ್ಲಿ ಒಂದು ದೊಡ್ಡ ಮೀನು ಬಿದ್ದು ಒದ್ದಾಡುತ್ತಿರುತ್ತದೆ. ಅದನ್ನು ಅಡುಗೆಯವನೊಬ್ಬನಿಗೆ 300 ಫೋಲಿಸ್ ನಾಣ್ಯಕ್ಕೆ ಮಾರುತ್ತಾನೆ. ಆ ದುಡ್ಡಿಗೆ ಉಣ್ಣೆ ತಂದರೆ ಹೆಂಡತಿ ತನಗೆ ಬಂದಷ್ಟರಲ್ಲಿ ಏನಾದರೂ ಮಾಡಿಕೊಡುತ್ತಾಳೆ ಅನ್ನುವುದು ಅವನ ಲೆಕ್ಕ. ಅಡುಗೆಯವನು ಮೀನು ಸೀಳಿದರೆ ಹೊಟ್ಟೆಯಲ್ಲಿ ಚಿನ್ನದ ಉಂಗುರ! ಅವನು ಅದನ್ನು ತಂದು ಮುದುಕನಿಗೇ ಕೊಟ್ಟು, ನೋಡು, ಇಪ್ಪತ್ತು ಹುತಾತ್ಮರು ನಿನಗೆ ಹೇಗೆ ಬಟ್ಟೆ ತೊಡಿಸಿದರು ಅನ್ನುತ್ತಾನೆ. ಪವಾಡ ನಂಬುವುದು ಬಿಡುವುದು ನಿಮ್ಮಿಷ್ಟ. ನನಗೆ ಬೇಕಾದದ್ದು ಇಷ್ಟೇ: ಕಾಸುಲಾ ಅನ್ನುವುದು ಬಡ ದರ್ಜಿಯೊಬ್ಬನ ದಿನನಿತ್ಯದ ಹೊದಿಕೆ.

ಎರಡನೆಯದು ಪ್ರೊಕೋಪಿಯಸ್, 6ನೇ ಶತಮಾನದ ಇತಿಹಾಸಕಾರ. ಉತ್ತರ ಆಫ್ರಿಕಾದ ಕಾರ್ತೇಜಿನಲ್ಲಿ ಗುಂತಾರಿಸ್ ಅನ್ನುವ ಸೇನಾಧಿಕಾರಿ ದಂಗೆ ಎದ್ದಾಗ ರೋಮನ್ ಸೇನಾಪತಿ ಅರಿಯೊಬಿಂಡಸ್ ಜೀವ ಉಳಿಸಿಕೊಳ್ಳಲು ಶರಣಾಗುತ್ತಾನೆ. ಹೋಗುವಾಗ ಸೇನಾಪತಿಗೆ ಸಲ್ಲದ, ಯಾವ ಸೈನಿಕನಿಗೂ ಸಲ್ಲದ, ಗುಲಾಮರಿಗೋ ಸಾಮಾನ್ಯರಿಗೋ ತಕ್ಕ ಬಟ್ಟೆ ತೊಟ್ಟುಕೊಂಡು ಹೋಗುತ್ತಾನೆ. ರೋಮನ್ನರು ತಮ್ಮ ಭಾಷೆಯಲ್ಲಿ ಇದನ್ನು ಕಾಸುಲಾ ಅನ್ನುತ್ತಾರೆ ಅಂತ ಪ್ರೊಕೋಪಿಯಸ್ಸೇ ವಿವರಿಸುತ್ತಾನೆ. ಪಾಪ, ಅಷ್ಟು ಮಾಡಿದರೂ ಉಳಿಯಲಿಲ್ಲ. ಗುಂತಾರಿಸ್ ಅಭಯ ಕೊಟ್ಟು, ರಾತ್ರಿ ಊಟಕ್ಕೆ ಕೂರಿಸಿಕೊಂಡು, ಆಮೇಲೆ ಕೊಲ್ಲಿಸಿದ.

ಅಕ್ಷರಮಳೆ

ಸರಿ, ಬಡವರ ಬಟ್ಟೆ ಅನ್ನುವುದು ಒಪ್ಪಿದೆ. ತಮಾಷೆಗೆ ಇಟ್ಟ ಹೆಸರು ಅನ್ನುವುದು ಇನ್ನೂ ಊಹೆಯೇ.

ಗಂಟೆಸದ್ದು

ನಾನು ಪೂಜಾವಸ್ತ್ರಗಳನ್ನು ಮಡಿಸಿಡುವ ಕೆಲಸ ಮಾಡುವವನು, ಪಂಡಿತ ಅಲ್ಲ. ಆದರೂ ಒಂದು ಮಾತು. ನೀವೆಲ್ಲ ಸೇರಿ ಇದನ್ನು ಮಳೆ ಬಟ್ಟೆ ಅಂತ ಮಾಡಿಬಿಟ್ಟಿರಿ. ಚಾಸುಬಲ್ ಹಾಕಿಕೊಳ್ಳುವಾಗ ಗುರುಗಳು ಹೇಳುವ ಹಳೆಯ ಪ್ರಾರ್ಥನೆ ಒಂದಿದೆ. ‘ನನ್ನ ನೊಗ ಸುಲಭ, ನನ್ನ ಹೊರೆ ಹಗುರ’ ಎಂದು ಹೇಳಿದ ಪ್ರಭುವೇ, ಇದನ್ನು ಹೊತ್ತು ನಡೆದು ನಿನ್ನ ಕೃಪೆ ಪಡೆಯುವಂತೆ ಮಾಡು ಅನ್ನುವ ಅರ್ಥದ್ದು. ಮತ್ತಾಯನ ಶುಭಸಂದೇಶದ 11ನೇ ಅಧ್ಯಾಯದ ಮಾತು ಅದು. ಹಾಗಾದರೆ ಇದಕ್ಕೆ ಅರ್ಥ ಇಲ್ಲ ಅನ್ನುತ್ತೀರಾ?

ಹಳೇಪುಟ

ಇಲ್ಲ ಅಂದವರು ಯಾರು? ಇದೆ. ಆದರೆ ನೀವೇ ಹೇಳಿದ ಪ್ರಾರ್ಥನೆ ನೋಡಿ, ಅದರಲ್ಲಿ ಬರುವುದು ನೊಗ, ಮನೆ ಅಲ್ಲ. ಉಡುಪಿನ ಹೆಸರು ಗುಡಿಸಲು, ಪ್ರಾರ್ಥನೆ ನೊಗದ್ದು, ಇನ್ನು ಕೆಲವರು ಎಲ್ಲವನ್ನೂ ಮುಚ್ಚುವುದರಿಂದ ಇದು ಪ್ರೀತಿಯ ಗುರುತು ಅಂದರು. ಹೆಸರು ಇಡುವಾಗಲೇ ಅರ್ಥ ಯೋಚಿಸಿ ಇಟ್ಟಿದ್ದರೆ ಇಷ್ಟು ದಿಕ್ಕಿಗೆ ಹೋಗುತ್ತಿರಲಿಲ್ಲ. ಬಟ್ಟೆ ಮೊದಲು ಬಂತು. ಅರ್ಥಗಳು ಒಂದೊಂದಾಗಿ ಆಮೇಲೆ ಬಂದವು. ಅದರಿಂದ ಭಕ್ತಿಗೇನೂ ಕೊರತೆ ಇಲ್ಲ, ಬೇರಿನ ಪ್ರಶ್ನೆ ಬೇರೆ ಅಷ್ಟೇ.

ಸೂಜಿದಾರ

ಹೊಲಿಗೆಯವಳಾಗಿ ಸ್ವಲ್ಪ ಸೇರಿಸಲಾ? ‘ಗುಡಿಸಲು’ ಯಾಕೆ ಅಂತ ಈಗಿನ ಚಾಸುಬಲ್ ನೋಡಿದರೆ ಗೊತ್ತಾಗುವುದಿಲ್ಲ. ಹಳೆಯದರ ಕತ್ತರಿಕೆ ನೋಡಬೇಕು.

ಅರ್ಧ ವೃತ್ತದ ದೊಡ್ಡ ಬಟ್ಟೆ ತೆಗೆದುಕೊಳ್ಳಿ. ನೇರ ಅಂಚನ್ನು ಮಧ್ಯಕ್ಕೆ ಮಡಿಸಿ ಎರಡೂ ಅರ್ಧಗಳನ್ನು ಮುಂಭಾಗದಲ್ಲಿ ಸೇರಿಸಿ ಹೊಲಿಯಿರಿ. ಮೇಲೆ ತಲೆ ತೂರಲು ಜಾಗ ಬಿಡಿ. ಒಂದು ಶಂಕು ಬರುತ್ತದೆ, ಮಧ್ಯದಲ್ಲಿ ತಲೆ ಮಾತ್ರ ಹೊರಗೆ. ನಿಂತರೆ ನಿಜಕ್ಕೂ ಹುಲ್ಲಿನ ಗುಡಿಸಲೇ! ತೋಳಿಲ್ಲ, ಬದಿಯಲ್ಲಿ ಸೀಳಿಲ್ಲ. ಕೈ ಬೇಕಾದರೆ ಬಟ್ಟೆಯನ್ನೇ ಮೇಲೆತ್ತಿ ತೋಳಿನ ಮೇಲೆ ಮಡಿಕೆ ಮಡಿಕೆಯಾಗಿ ಕೂರಿಸಿಕೊಳ್ಳಬೇಕು. ರೋಮನ್ನರ ಪೈನುಲಾ ಅನ್ನುವ ಪ್ರಯಾಣದ ಹೊದಿಕೆಯೂ ಇದೇ ಜಾತಿಯದು.

ಇನ್ನೊಂದು, ನನಗೆ ತುಂಬಾ ಇಷ್ಟವಾದದ್ದು. ಹಂಗೇರಿಯ ರಾಜರು ಪಟ್ಟಾಭಿಷೇಕಕ್ಕೆ ಹಾಕುತ್ತಿದ್ದ ಮೇಲುವಸ್ತ್ರ ಬುಡಾಪೆಸ್ಟ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಮುಂದೆ ಪೂರ್ತಿ ತೆರೆದಿದೆ, ನೋಡಿದವರು ರಾಜನ ನಿಲುವಂಗಿ ಅಂತಲೇ ಅಂದುಕೊಳ್ಳುತ್ತಾರೆ. ಆದರೆ ಅದರ ಮೇಲೆ ಚಿನ್ನದ ದಾರದಲ್ಲಿ ಕಸೂತಿ ಮಾಡಿದ ಲ್ಯಾಟಿನ್ ಸಾಲು ಓದಿದರೆ ಗುಟ್ಟು ಬಯಲು: 1031ರಲ್ಲಿ ರಾಜ ಸ್ಟೀಫನ್ ಮತ್ತು ರಾಣಿ ಗಿಸೆಲಾ ಈ ‘ಕಾಸುಲಾ’ ಮಾಡಿಸಿ ಸಂತ ಮರಿಯಮ್ಮನ ಚರ್ಚಿಗೆ ಕೊಟ್ಟರು ಅಂತ ಇದೆ. ಅದು ಚಾಸುಬಲ್ಲೇ. ಆಮೇಲೆ ಯಾರೋ ಮುಂದಿನಿಂದ ಕತ್ತರಿಸಿ ರಾಜನಿಗೆ ಹೊಂದಿಸಿದ್ದಾರೆ. ಹೆಸರನ್ನು ಬಟ್ಟೆಯ ಮೇಲೇ ಬರೆದಿಟ್ಟದ್ದರಿಂದ ವಾದಕ್ಕೆ ಜಾಗವೇ ಇಲ್ಲ.

ಪ್ರಶ್ನೆಗಾರ

ಅಬ್ಬಾ, ಇದು ಗೊತ್ತೇ ಇರಲಿಲ್ಲ. ಆದರೆ ನನ್ನ ತಲೆಯಲ್ಲಿ ಒಂದು ಹುಳ ಕೊರೆಯುತ್ತಿದೆ. ಕಾಸುಲಾ ಅನ್ನುವುದರಲ್ಲಿ ‘ಬ’ ಇಲ್ಲ. ಚಾಸುಬಲ್‌ಗೆ ‘ಬ’ ಎಲ್ಲಿಂದ ಬಂತು? ಇನ್ನೊಂದು, ಇಟಲಿಯಲ್ಲಿ ಇದಕ್ಕೆ ‘ಪಿಯಾನೆಟಾ’ ಅಂತಾರಂತೆ. ಅದು ಗ್ರಹ ಅಲ್ವಾ?

ಅಕ್ಷರಮಳೆ

ಕೊನೆಗೂ ನನ್ನ ಕ್ಷೇತ್ರಕ್ಕೆ ಬಂದಿರಿ.

‘ಬ’ ಸರಿಯಾದ ಪ್ರಶ್ನೆ. ಕಾಸುಲಾ ನೇರವಾಗಿ ಫ್ರೆಂಚ್‌ಗೆ ಬಂದಿದ್ದರೆ ‘ಬ’ ಹುಟ್ಟಲು ಕಾರಣ ಇಲ್ಲ. ಅದಕ್ಕೇ ನಿಘಂಟುಕಾರರು ನಡುವೆ ಇನ್ನೊಂದು ರೂಪ ಇಡುತ್ತಾರೆ. ನಂತರದ ಲ್ಯಾಟಿನ್‌ನಲ್ಲಿ ‘ಕಾಸುಬ್ಲಾ’ ಅಂತ ಸಿಗುತ್ತದೆ. ಅದೂ ಕಾಸಾದಿಂದಲೇ ಬಂದ ಚಿಕ್ಕ ರೂಪ, ಬಾಲ ಮಾತ್ರ ಬೇರೆ. ಅಲ್ಲಿಂದ ಫ್ರೆಂಚ್, ಫ್ರೆಂಚ್‌ನಿಂದ ಇಂಗ್ಲಿಷ್. ಇಂಗ್ಲಿಷ್‌ಗೆ 1300ರ ಹೊತ್ತಿಗೆ ಮೊದಲು ಬಂದದ್ದು ‘ಚೆಸಿಬಲ್’ ಅನ್ನುವ ರೂಪ, ಈಗಿನದು ಮತ್ತೆ ಫ್ರೆಂಚ್ ನೋಡಿ ತಿದ್ದಿಕೊಂಡದ್ದು. ಜರ್ಮನ್ನರ ‘ಕಾಸೆಲ್’ ಮಾತ್ರ ‘ಬ’ ಇಲ್ಲದೆ ಕಾಸುಲಾದಿಂದಲೇ ಹೋಗಿದೆ. ಅಂದ ಹಾಗೆ ಜೂಜಿನ ಕ್ಯಾಸಿನೊ ಕೂಡ ಕಾಸಾದ ಪುಟ್ಟ ರೂಪವೇ, ಇಟಾಲಿಯನ್ ಬಾಲದೊಂದಿಗೆ. ಚಾಸುಬಲ್‌ಗೆ ದಾಯಾದಿ ಅಂದರೆ ಗಂಟೆಸದ್ದು ಅವರು ಕೋಪ ಮಾಡಿಕೊಳ್ಳಬಾರದು.

ಪಿಯಾನೆಟಾ ಇನ್ನೂ ಮಜಾ. ಇದೇ ಉಡುಪಿಗೆ ಲ್ಯಾಟಿನ್‌ನಲ್ಲಿ ‘ಪ್ಲಾನೆಟಾ’ ಅನ್ನುವ ಹೆಸರೂ ಇತ್ತು. ಅದರ ಬಗ್ಗೆಯೂ ಇಸಿಡೋರ್ ಹೇಳುತ್ತಾರೆ: ಗ್ರೀಕ್‌ನ ಅಲೆದಾಡು ಅನ್ನುವ ಪದದಿಂದ ಬಂದದ್ದು, ಅಂಚುಗಳು ಸುತ್ತ ಅಲೆದಾಡುವುದರಿಂದ ಹಾಗೆ ಕರೆದರು, ಅಲೆಯುವ ನಕ್ಷತ್ರಗಳಿಗೆ ಪ್ಲಾನೆಟ್ ಅನ್ನುವುದೂ ಅದಕ್ಕೇ ಅಂತ. ಗ್ರಹಗಳ ವಿಷಯದಲ್ಲಿ ಅದು ಸರಿಯೇ. ಇಟಲಿಯವರು ಆ ಹೆಸರನ್ನೇ ಉಳಿಸಿಕೊಂಡರು.

ಹಳೇಪುಟ

ಪ್ಲಾನೆಟಾ ಬಗ್ಗೆ ಒಂದು ಸೇರಿಸುತ್ತೇನೆ. 5ನೇ ಶತಮಾನದ ಕಾಸಿಯನ್, ಸನ್ಯಾಸಿಗಳ ಬಗ್ಗೆ ಬರೆದವರು, ಈಜಿಪ್ಟಿನ ಸನ್ಯಾಸಿಗಳು ‘ಪ್ಲಾನೆಟಿಕಾ’ದ ಬೆಲೆ ಮತ್ತು ಆಡಂಬರ ಎರಡೂ ಬೇಡ ಅಂತ ಅದನ್ನು ದೂರ ಇಡುತ್ತಿದ್ದರು ಅನ್ನುತ್ತಾರೆ. ಅಂದರೆ ಹೆಚ್ಚುಕಡಿಮೆ ಒಂದೇ ಆಕಾರದ ಹೊದಿಕೆ, ಬಡವ ಹಾಕಿದರೆ ಕಾಸುಲಾ, ಉಳ್ಳವರದ್ದಾದರೆ ಪ್ಲಾನೆಟಾ. 633ರಲ್ಲಿ ಸ್ಪೇನಿನ ಟೊಲೆಡೊದಲ್ಲಿ ನಡೆದ 4ನೇ ಧರ್ಮಸಭೆ ಗುರುಗಳ ಉಡುಪು ಅಂತ ಹೆಸರಿಸುವುದು ಪ್ಲಾನೆಟಾವನ್ನೇ, ಕಾಸುಲಾ ಅನ್ನುವುದಿಲ್ಲ. ಆ ಸಭೆಯ ಅಧ್ಯಕ್ಷರು ಯಾರು ಗೊತ್ತಾ? ಇದೇ ಇಸಿಡೋರ್.

ಬೀದಿಬೆಳಕು

ನಡುವೆ ಬಾಯಿ ಹಾಕಿದ್ದಕ್ಕೆ ಬೇಜಾರಾಗಬೇಡಿ. ಚರ್ಚಿನಲ್ಲಿ ಕೋಪ್ ಅಂತ ಇನ್ನೊಂದು ದೊಡ್ಡ ಮೇಲುವಸ್ತ್ರ ಇದೆ, ಮುಂದೆ ಕೊಕ್ಕೆ ಹಾಕುವುದು, ಹಿಂದೆ ತಲೆಗವಸಿನ ಗುರುತು ಇರುವುದು. ನಮ್ಮಲ್ಲಿ ಕಂಬಳಿ ಕೊಪ್ಪೆ ಅಂತೀವಿ, ಮಳೆಗೆ ತಲೆ ಮೇಲೆ ಹಾಕಿಕೊಳ್ಳುವುದು. ಕೋಪ್, ಕೊಪ್ಪೆ. ಒಂದೇ ಮೂಲ ಇರಬಹುದಾ? ನನಗಂತೂ ರೋಮಾಂಚನ ಆಯಿತು.

ಅಕ್ಷರಮಳೆ

ಇಸಿಡೋರ್ ಬದುಕಿದ್ದರೆ ನಿಮ್ಮನ್ನು ಶಿಷ್ಯರಾಗಿ ಸೇರಿಸಿಕೊಳ್ಳುತ್ತಿದ್ದರು 😄

ಸದ್ದು, ಕೆಲಸ ಎರಡೂ ಹೊಂದುತ್ತವೆ ಅನ್ನುವುದು ನಿಜ. ಆದರೆ ಕೋಪ್‌ನ ದಾರಿ ಹಿಂದಕ್ಕೆ ಹೋದಂತೆ ಕೊಪ್ಪೆಯಿಂದ ದೂರವೇ ಆಗುತ್ತದೆ. ಇಂಗ್ಲಿಷ್ ಕೋಪ್‌ನ ಹಿಂದೆ ಇರುವುದು ನಂತರದ ಲ್ಯಾಟಿನ್‌ನ ‘ಕಾಪ್ಪಾ’, ಹೆಚ್ಚಿನವರು ಅದನ್ನು ತಲೆ ಅನ್ನುವ ಅರ್ಥದ ‘ಕಾಪುಟ್’ ಜೊತೆ ಸೇರಿಸುತ್ತಾರೆ. ಕ್ಯಾಪ್, ಕೇಪ್ ಎರಡೂ ಅದೇ ಕಾಪ್ಪಾದ ಮಕ್ಕಳು. ಕೊಪ್ಪೆ ದ್ರಾವಿಡ ಪದ. ಈಗಿನ ರೂಪಗಳ ಸದ್ದು ಹೊಂದಿದರೆ ಸಾಲದು, ಹಳೆಯ ರೂಪಗಳು ಹೊಂದಬೇಕು.

ಹಳೇಪುಟ

ಕಾಪ್ಪಾ ಅಂದಮೇಲೆ ಸಂತ ಮಾರ್ಟಿನ್ ಕಥೆ ಬಿಡಲು ಆಗುವುದಿಲ್ಲ. ಮಾರ್ಟಿನ್ ಇನ್ನೂ ಸೈನಿಕನಾಗಿದ್ದಾಗ ಫ್ರಾನ್ಸಿನ ಆಮಿಯೆನ್ ಊರಿನ ಬಾಗಿಲಲ್ಲಿ ಚಳಿಯಲ್ಲಿ ನಡುಗುತ್ತಿದ್ದ ಭಿಕ್ಷುಕನಿಗೆ ತನ್ನ ಮೇಲುಹೊದಿಕೆಯನ್ನು ಕತ್ತಿಯಿಂದ ಸೀಳಿ ಅರ್ಧ ಕೊಟ್ಟರು ಅನ್ನುತ್ತಾರೆ. ಆ ಹೊದಿಕೆ ಅಂತ ನಂಬಲಾದ ಬಟ್ಟೆಯನ್ನು ಫ್ರಾಂಕ್ ರಾಜರು ದೊಡ್ಡ ಆಸ್ತಿಯಂತೆ ಕಾಪಾಡಿದರು. ಅದರ ಹೆಸರು ‘ಕಾಪ್ಪೆಲ್ಲಾ’, ಪುಟ್ಟ ಕಾಪ್ಪಾ. ಅದನ್ನು ಇಟ್ಟ ಪ್ರಾರ್ಥನಾ ಸ್ಥಳಕ್ಕೂ ಅದೇ ಹೆಸರು ಬಂತು, ಕಾಯುವ ಗುರುಗಳಿಗೂ ಬಂತು. ಇವತ್ತಿನ ಚಾಪೆಲ್, ಅಲ್ಲಿನ ಗುರುವಿಗೆ ಹೇಳುವ ಚಾಪ್ಲೇನ್ ಎರಡೂ ಅಲ್ಲಿಂದಲೇ. ಇಲ್ಲಿ ಬಟ್ಟೆಯೇ ಕಟ್ಟಡಕ್ಕೆ ಹೆಸರು ಕೊಟ್ಟಿದೆ, ಚಾಸುಬಲ್‌ನಲ್ಲಿ ಉಲ್ಟಾ.

ಓದುಗ

ಪೂರ್ವದ ಚರ್ಚುಗಳನ್ನು ಯಾರೂ ಮುಟ್ಟಲೇ ಇಲ್ಲ. ಆರ್ಥೊಡಾಕ್ಸ್ ಗುರುಗಳು ಚಾಸುಬಲ್ ಜಾಗದಲ್ಲಿ ಹಾಕುವುದು ‘ಫೆಲೋನಿಯನ್’. ಸೂಜಿದಾರ ಅವರು ಹೇಳಿದ ಪೈನುಲಾ, ಗ್ರೀಕ್‌ನ ‘ಫೆಲೋನಿಸ್’, ಎರಡೂ ಒಂದೇ ಪದದ ಎರಡು ರೂಪ. ಬೈಬಲ್‌ನಲ್ಲೂ ಇದೆ. ಪೌಲನು ತಿಮೊಥೆಯನಿಗೆ ಬರೆದ 2ನೇ ಪತ್ರದ 4ನೇ ಅಧ್ಯಾಯ, 13ನೇ ವಚನ ತೆಗೆದು ನೋಡಿ. ತ್ರೋವ ಊರಿನಲ್ಲಿ ಕರ್ಪನ ಮನೆಯಲ್ಲಿ ಬಿಟ್ಟುಬಂದದ್ದನ್ನು ಬರುವಾಗ ತೆಗೆದುಕೊಂಡು ಬಾ, ಪುಸ್ತಕಗಳನ್ನೂ ತಾ ಅನ್ನುತ್ತಾನಲ್ಲ, ಆ ಬಿಟ್ಟುಬಂದದ್ದು ಇದೇ ಹೊದಿಕೆ. ಹಳೆಯ ಕಾಲದಲ್ಲಿ ಕೆಲವರು ಅದನ್ನು ಪುಸ್ತಕದ ಚೀಲ ಅಂತಲೂ ಅರ್ಥ ಮಾಡಿದ್ದರು. ಆದರೆ ಮುಂದೆ 21ನೇ ವಚನದಲ್ಲಿ ಚಳಿಗಾಲಕ್ಕೆ ಮೊದಲೇ ಬಂದುಬಿಡು ಅನ್ನುತ್ತಾನೆ. ಚಳಿ ಬರುತ್ತಿದೆ, ಹೊದಿಕೆ ಬೇಕು, ಅಷ್ಟೇ ಸರಳ.

ಪ್ರಶ್ನೆಗಾರ

ಹಾಗಾದರೆ ಎಲ್ಲರೂ ಹಾಕುತ್ತಿದ್ದ ಬಟ್ಟೆ ಗುರುಗಳದ್ದು ಮಾತ್ರ ಆದದ್ದು ಯಾವಾಗ?

ಹಳೇಪುಟ

ಒಂದೇ ದಿನ ಆದದ್ದಲ್ಲ. 382ರ ಒಂದು ರೋಮನ್ ಕಾನೂನು ಇದೆ. ಸೆನೆಟಿನ ಸದಸ್ಯರು ನಗರದೊಳಗೆ ಸೈನಿಕರ ಕ್ಲಾಮಿಸ್ ಹೊದಿಕೆ ಹಾಕಬಾರದು, ಅದು ನೋಡಿದವರಿಗೆ ಭಯ, ಶಾಂತವಾದ ಪೈನುಲಾ ಹಾಕಿ ಅನ್ನುತ್ತದೆ. ಆಗ ಪೈನುಲಾ ದೊಡ್ಡವರ ನಾಗರಿಕ ಉಡುಪು. ಆಮೇಲೆ ಉತ್ತರದಿಂದ ಬಂದ ಜನರ ಗಿಡ್ಡ ಅಂಗಿ, ಗಿಡ್ಡ ಹೊದಿಕೆ ಎಲ್ಲ ಕಡೆ ಹರಡಿತು. ಜನ ಬದಲಾದರು, ಗುರುಗಳು ಬದಲಾಗಲಿಲ್ಲ. 742ರ ಸುಮಾರಿಗೆ ಬಿಷಪ್ ಬೋನಿಫೇಸ್ ನೇತೃತ್ವದಲ್ಲಿ ಜರ್ಮನ್ ನಾಡಿನಲ್ಲಿ ನಡೆದ ಸಭೆ ಗುರುಗಳಿಗೆ ಕಟ್ಟುನಿಟ್ಟಾಗಿ ಹೇಳುತ್ತದೆ, ಸಾಮಾನ್ಯ ಜನರ ಹಾಗೆ ಗಿಡ್ಡ ಹೊದಿಕೆ ಹಾಕಬೇಡಿ, ದೇವರ ಸೇವಕರಿಗೆ ತಕ್ಕಂತೆ ಕಾಸುಲಾ ಹಾಕಿ ಅಂತ. ಪೂಜೆಯಲ್ಲಿ ಮಾತ್ರ ಅಲ್ಲ, ಹೊರಗೂ. ಗುಲಾಮರಿಗೆ ತಕ್ಕದ್ದು ಅಂತ ಪ್ರೊಕೋಪಿಯಸ್ ಬರೆದು 200 ವರ್ಷ ಆಗಿತ್ತು ಅಷ್ಟೇ.

ಗುರುಗಳು ವಿಶೇಷ ಬಟ್ಟೆ ಹಾಕಿಕೊಂಡರು ಅನ್ನುವುದಕ್ಕಿಂತ ಉಳಿದವರು ಅದನ್ನು ಬಿಟ್ಟರು ಅನ್ನುವುದೇ ಸರಿ.

ಗಂಟೆಸದ್ದು

ಇದು ಒಪ್ಪುವ ಮಾತು. ನನಗೆ ಕೈಗೆ ಸಿಕ್ಕಿದ ವಿಷಯ ಒಂದು ಹೇಳುತ್ತೇನೆ. ಹಳೆಯ ಕ್ರಮದ ಪೂಜೆಯಲ್ಲಿ ಗುರುಗಳು ರೊಟ್ಟಿಯನ್ನು ಮೇಲೆತ್ತಿ ತೋರಿಸುವಾಗ ಹಿಂದೆ ಮೊಣಕಾಲೂರಿದ ಸಹಾಯಕ ಒಂದು ಕೈಯಲ್ಲಿ ಗಂಟೆ ಬಾರಿಸುತ್ತಾನೆ, ಇನ್ನೊಂದು ಕೈಯಲ್ಲಿ ಚಾಸುಬಲ್‌ನ ಹಿಂಬದಿಯ ಅಂಚು ಎತ್ತಿ ಹಿಡಿಯುತ್ತಾನೆ. ತೆಳುವಾದ, ಬದಿ ಕತ್ತರಿಸಿದ ಚಾಸುಬಲ್‌ಗೆ ಅದು ಯಾಕೆ ಅಂತ ನನಗೆ ಅರ್ಥವೇ ಆಗಿರಲಿಲ್ಲ. ಸೂಜಿದಾರ ಅವರ ಶಂಕು ಓದಿದ ಮೇಲೆ ಆಯಿತು. ಅಷ್ಟು ಬಟ್ಟೆ ತೋಳಿನ ಮೇಲೆ ಬಿದ್ದಿದ್ದರೆ ಯಾರಾದರೂ ಹಿಂದಿನಿಂದ ಎತ್ತಲೇಬೇಕು.

ಸೂಜಿದಾರ

ಹೌದು, ಕತ್ತರಿ ಬಿದ್ದದ್ದೂ ಅದಕ್ಕೇ. 13ನೇ ಶತಮಾನದ ಹೊತ್ತಿಗೆ ರೊಟ್ಟಿಯನ್ನು ಎತ್ತಿ ತೋರಿಸುವ ಪದ್ಧತಿ ಬೇರೂರಿತು. ಜೊತೆಗೆ ಬಟ್ಟೆಯೂ ದಪ್ಪ ರೇಷ್ಮೆ, ಮಖಮಲ್ಲು, ಮೇಲೆ ಚಿನ್ನದ ಕಸೂತಿ ಅಂತ ಭಾರವಾಗುತ್ತಾ ಹೋಯಿತು. ಮೆತ್ತಗಿನ ಉಣ್ಣೆ ತೋಳಿನ ಮೇಲೆ ಮಡಿಕೆಯಾಗಿ ಕೂರುತ್ತದೆ, ಕಸೂತಿಯ ಹಲಗೆ ಕೂರುವುದಿಲ್ಲ. ಹಾಗಾಗಿ ಬದಿಯಿಂದ ಸ್ವಲ್ಪ ಸ್ವಲ್ಪ ಕತ್ತರಿಸುತ್ತಾ 17, 18ನೇ ಶತಮಾನದ ಹೊತ್ತಿಗೆ ಹಿಂದೊಂದು ಮುಂದೊಂದು ಪಟ್ಟಿ ಉಳಿಯಿತು. ಮುಂಭಾಗ ಸೊಂಟದ ಕಡೆ ಸಣ್ಣಗಾಗಿ ಪಿಟೀಲಿನ ಆಕಾರ ಬಂದದ್ದಕ್ಕೆ ಅದನ್ನು ಪಿಟೀಲು ಚಾಸುಬಲ್ ಅಂತಲೇ ಕರೆಯುತ್ತಾರೆ. ಗುಡಿಸಲಿನ ಗೋಡೆ ಎರಡೂ ಕಡೆ ಬಿದ್ದುಹೋಗಿ ಹೆಸರು ಮಾತ್ರ ಉಳಿದಿತ್ತು. 19ನೇ ಶತಮಾನದಲ್ಲಿ ಹಳೆಯ ಅಗಲದ ಆಕಾರಕ್ಕೆ ಮತ್ತೆ ಒಲವು ಬಂತು, ಈಗ ಹೆಚ್ಚಾಗಿ ಕಾಣುವುದು ಅದೇ.

ಬೀದಿಬೆಳಕು

ಕೊಪ್ಪೆ ಕೈಬಿಟ್ಟೆ. ಕಡೆಯದಾಗಿ ಇನ್ನೊಂದು. ಗುರುಗಳು ದಿನಾ ಹಾಕುವ ಉದ್ದನೆಯ ಕ್ಯಾಸಕ್ ಕೂಡ ಕಾಸಾದಿಂದಲೇನಾ? ಇದರಲ್ಲಿ ಸದ್ದು ಚೆನ್ನಾಗೇ ಹೊಂದುತ್ತದೆ.

ಅಕ್ಷರಮಳೆ

ಮತ್ತೆ ಸದ್ದು! ಅಲ್ಲ. ಕ್ಯಾಸಕ್ ಬಂದದ್ದು ಫ್ರೆಂಚ್‌ನ ‘ಕಸಾಕ್’, ಉದ್ದನೆಯ ಕೋಟು ಅನ್ನುವುದರಿಂದ. ಅದರ ಹಿಂದೆ ಎರಡು ವಾದ ಇವೆ. ಒಂದು, ಅಲೆಮಾರಿ ಅನ್ನುವ ಅರ್ಥದ ತುರ್ಕಿ ಪದ, ಕೊಸಾಕ್ ಕುದುರೆ ಸವಾರರ ಹೆಸರೂ ಅದರಿಂದಲೇ. ಇನ್ನೊಂದು, ಒಳಗೆ ಮೆತ್ತೆ ತುಂಬಿದ ಯುದ್ಧದ ಅಂಗಿಗೆ ಇದ್ದ ಪರ್ಷಿಯನ್ ಪದ. ಇಂಗ್ಲಿಷ್‌ನಲ್ಲೂ ಮೊದಲು ಕ್ಯಾಸಕ್ ಅಂದರೆ ಸೈನಿಕರು, ಸವಾರರು ಹಾಕುವ ಕೋಟು. ಪಾದ್ರಿಗಳ ಉಡುಪಿಗೆ ಆ ಹೆಸರು ಬಂದದ್ದು ಆಮೇಲೆ.